ಲಿವರ್ ಕೋವಿಯ ತೋಟೆ

"ಈ ಕೋವಿ ಭಾನುದು. ಅವಳು ಕೇಳಿದ ದಿನ ಕೊಡ್ತೇನೆ. ಎಲ್ಲರೂ ಕೇಳಿಸ್ಕೊಳ್ಳಿ" ಎಂದು ಅಪ್ಪ ತಿಮ್ಮಪ್ಪ ಅಂಗಳ ತುಂಬಿದ್ದ ನೆಂಟರ ಎದುರು ಮಾತು ಕೊಟ್ಟಾಗ ಭಾನುಮತಿಗೆ ಹದಿನಾಲ್ಕು ವರ್ಷ. ಈಗ ಅವಳ ಮಗಳಿಗೇ ಆ ವಯಸ್ಸು ಹತ್ತಿರವಾಗಿದೆ. ಆ ಮಾತನ್ನು ಇವತ್ತು ಎತ್ತಿಬಿಡಬೇಕೆಂದು ಅವಳು ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನ ಹದಿನೇಳನೇ ಮಹಡಿಯ ಅಡುಗೆಮನೆಯಲ್ಲಿ ಒಗ್ಗರಣೆ ಸೌಟು ಹಿಡಿದು ನಿಂತಿದ್ದಳು. ಕುಕ್ಕರ್ ಇನ್ನೊಂದು ಸೀಟಿಗೆ ಹವಣಿಸುತ್ತಿತ್ತು. ಹಾಲ್‌ನಲ್ಲಿ ಅಪ್ಪನ ಫೋನಿನಿಂದ ಯಾರೋ ಅಮೆರಿಕದ ಮುದುಕ, ಲಿವರ್ ಎಳೆದು ಹೊಡೆಯುವ ರೈಫಲ್ಲುಗಳಿಗೆ ಆ ಹಳೆಯ ಸಣ್ಣ ತೋಟೆಗಳು ಈ ಕಾಲದಲ್ಲಿ ಇನ್ನೂ ಬೇಕೇ ಎಂದು ಎಳೆದೆಳೆದು ಕೇಳುತ್ತಿದ್ದ.

"ಬೇಕು ಮಾರಾಯ, ಬೇಕು" ಎಂದರು ತಿಮ್ಮಪ್ಪ ಫೋನಿಗೆ. "ನೀ ಒಂದ್ಸಲ ಹೊಡ್ದು ನೋಡು, ಆಮೇಲೆ ಮಾತಾಡು."

ಕೊಡಗಿನ ಗೌಡರ ಮನೆಗಳಲ್ಲಿ ಬಿತ್ತನೆ ಶುರುವಾದರೆ ಕೋವಿ ದೇವರ ಕೋಣೆ ಸೇರುತ್ತದೆ. ನಾಟಿ ಮುಗಿದು ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡಿ ಹೊರಗೆ ತೆಗೆಯುತ್ತಾರೆ. ಊಟವಾದ ಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿ ನೋಡುವುದು ರೂಢಿ. ಆ ವರ್ಷ ಚಿಕ್ಕಪ್ಪಂದಿರ ಜೋಡಿ ನಳಿಗೆಯ ಕೋವಿಗಳು ಎಲೆ ಉದುರಿಸಿದವೇ ಹೊರತು ಕಾಯಿ ಅಲುಗಲಿಲ್ಲ. ಅಣ್ಣ ಲೋಕೇಶನ ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಭಾನುಮತಿ ಅಜ್ಜನ ಲಿವರ್ ಕೋವಿ ಎತ್ತಿಕೊಂಡಳು. ಕಾಫಿ ತೋಟದ ದೊರೆ ದೇಶ ಬಿಟ್ಟು ಹೋಗುವಾಗ ಅಜ್ಜನಿಗೆ ಕೊಟ್ಟುಹೋದ ಕೋವಿ ಅದು, ಮೂವತ್ತೆರಡು-ಇಪ್ಪತ್ತು ಎಂಬ ಸಣ್ಣ ತೋಟೆಯದು. ಹೆಗಲಿಗೆ ಒದೆಯುವುದಿಲ್ಲ, ಸದ್ದೂ ಅಷ್ಟಕ್ಕಷ್ಟೆ. ಲಿವರನ್ನು ಕೆಳಕ್ಕೆ ಒತ್ತಿ ಮೇಲಕ್ಕೆಳೆದಳು. ಕಟಕ್, ಕಟಕ್. ಮರುಗಳಿಗೆಯಲ್ಲಿ ಕಾಯಿಯ ನೀರು ಕೆಳಗೆ ನಿಂತ ಗಂಡಸರ ತಲೆಯ ಮೇಲೆ ಬಿತ್ತು.

ಲೋಕೇಶ ಹುಟ್ಟಿದಾಗ ತಿಮ್ಮಪ್ಪ ಅದೇ ಕೋವಿಯಿಂದ ಅಂಗಳದಲ್ಲಿ ಒಂದು ಗುಂಡು ಹಾರಿಸಿದ್ದರು. ಮನೆಗೆ ಗಂಡು ಬಂತು ಎಂದು ಊರಿಗೆ ಸಾರುವ ಕ್ರಮ ಅದು. ಭಾನುಮತಿ ಹುಟ್ಟಿದಾಗ ಕೋವಿ ಗೋಡೆಯಲ್ಲಿಯೇ ಇತ್ತು. ಇದನ್ನು ಅವಳಿಗೆ ಅಮ್ಮ ಹೇಳಿದ್ದು, ದೂರಿನ ಹಾಗೇನೂ ಅಲ್ಲ, ಹುಟ್ಟಿದ ನಕ್ಷತ್ರ ಹೇಳುವ ಹಾಗೆ. ಆದ್ದರಿಂದ ಅಂಗಳದಲ್ಲಿ ಅಪ್ಪ ಹಾಗೆ ಕೂಗಿ ಹೇಳಿದ ದಿನ ಹುಡುಗಿಗೆ, ತಾನು ಈ ಮನೆಯಲ್ಲಿ ಹುಟ್ಟಿದ್ದು ಹದಿನಾಲ್ಕು ವರ್ಷ ತಡವಾಗಿಯಾದರೂ ಊರಿಗೆ ಗೊತ್ತಾಯಿತು ಅನ್ನಿಸಿತ್ತು. ಆಮೇಲೆ ತೋಟ, ಗದ್ದೆ, ಮನೆ ಎಲ್ಲ ಲೋಕೇಶನ ಪಾಲಿಗೆ ಹೋದಾಗ ಅವಳು ತುಟಿ ಎರಡು ಮಾಡಲಿಲ್ಲ. ಕೋವಿ ನನ್ನದಲ್ಲವೇ ಎಂದುಕೊಂಡು ಸುಮ್ಮನಿದ್ದಳು.

ತಿಮ್ಮಪ್ಪ ಮಡಿಕೇರಿಯ ಜೇನು ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಲೋಕೇಶನ ಸಂಸಾರದ ಜೊತೆಗಿದ್ದರು. ಮಗಳ ಮನೆ ಒಮ್ಮೆ ನೋಡಿ ಬರುತ್ತೇನೆಂದು, ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಒಂದು ತಿಂಗಳ ಲೆಕ್ಕಕ್ಕೆ ಬಂದಿದ್ದರು. ಪ್ರಯಾಣಕ್ಕೆಂದೇ ಟೈಲರ್ ಹತ್ತಿರ ಹೊಲಿಸಿದ ಕಪ್ಪು ಕೋಟು, ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಒಂದು ಸೀಸೆ, ಎರಡು ಬಾಟಲಿ ಜೇನುತುಪ್ಪ. ಬೆವರು ಇಳಿಯುವ ಪೆನಾಂಗಿನಲ್ಲಿ ಆ ಕೋಟು ತೊಟ್ಟು ವಿಮಾನ ನಿಲ್ದಾಣದಿಂದ ಹೊರಗೆ ಬಂದ ಅಪ್ಪನನ್ನು ನೋಡಿ ಭಾನುಮತಿಗೆ ನಗು ಬಂದಿತ್ತು. "ತೆಗೀರಿ ಅಪ್ಪ, ಬೆಂದು ಹೋಗ್ತೀರಿ" ಎಂದರೆ, "ಇರ್ಲಿ, ಇರ್ಲಿ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡೇ ಕಾರು ಹತ್ತಿದ್ದರು. ವಾರ ಕಳೆಯುವಷ್ಟರಲ್ಲಿ ದೇಶ ಬಾಗಿಲು ಹಾಕಿತು. ವಿಮಾನ ನಿಂತವು. ಕೌಲಾಲಂಪುರದ ಹತ್ತಿರ ಸೈಬರ್‌ಜಯಾದಲ್ಲಿ ಕೆಲಸವಿದ್ದ ಗಂಡ ಗುರುದತ್, ವಾರಕ್ಕೊಮ್ಮೆ ಬಂದುಹೋಗುತ್ತಿದ್ದವನು, ಅಲ್ಲಿಯೇ ಸಿಕ್ಕಿಕೊಂಡ.

ಭಾನುಮತಿಯ ಚಿಪ್ ಕಾರ್ಖಾನೆ ಮಾತ್ರ ಮುಚ್ಚಲಿಲ್ಲ. ಜಗತ್ತೆಲ್ಲ ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದದ್ದರಿಂದ ಚಿಪ್ಪಿನ ಬೇಡಿಕೆ ಇಮ್ಮಡಿಯಾಗಿ, ಅರ್ಧ ಜನರಿಂದ ಪೂರ್ತಿ ಕೆಲಸ ತೆಗೆಯುತ್ತಿದ್ದರು. ಬೆಳಗ್ಗೆ ಅಡುಗೆ ಮಾಡಿಟ್ಟು, ಮಗಳು ಇಂಚರಳನ್ನು ಆನ್‌ಲೈನ್ ಕ್ಲಾಸಿಗೆ ಎಬ್ಬಿಸಿ, ಕಾರ್ಖಾನೆ ಕೊಟ್ಟ ಪತ್ರವನ್ನು ಕಾರಿನ ಗಾಜಿಗೆ ಸಿಕ್ಕಿಸಿಕೊಂಡು ಹೊರಟರೆ ಹನ್ನೆರಡು ಗಂಟೆಯ ಪಾಳಿ. ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬಟ್ಟೆ ಮೆಷಿನ್ನಿಗೆ ಹಾಕಿ, ಸ್ನಾನ ಮಾಡಿ, ಆಮೇಲೆ ಅಪ್ಪನ ಬಿಪಿ ನೋಡಿ, ಮಗಳ ಹೋಮ್‌ವರ್ಕ್ ನೋಡಿ, ಪಾತ್ರೆ ನೋಡಿ. ಅವಳನ್ನು ನೋಡುವವರು ಯಾರೂ ಇರಲಿಲ್ಲ.

ತಿಮ್ಮಪ್ಪ ವೇಳೆ ಕಳೆಯಲು ಯೂಟ್ಯೂಬ್ ಹಿಡಿದರು. ಮೊದಮೊದಲು ಭಜನೆ, ಆಮೇಲೆ ಜೇನು ಸಾಕಣೆ, ಕಡೆಗೆ ಕೋವಿ. ಎಲ್ಲೋ ಬಯಲುಸೀಮೆಯಂಥ ಊರಿನಲ್ಲಿ ಕೂತ ಬಿಳಿಗಡ್ಡದವರು ಹಳೆಯ ಲಿವರ್ ರೈಫಲ್ಲುಗಳನ್ನು ಮೇಜಿನ ಮೇಲಿಟ್ಟುಕೊಂಡು ಜಗಳವಾಡುವುದೇ ಒಂದು ಲೋಕ. ಸಣ್ಣ ತೋಟೆ ಸತ್ತಿದೆ ಎನ್ನುವವರು ಕೆಲವರು, ಇಲ್ಲ ಎನ್ನುವವರು ಕೆಲವರು. ಇಂಗ್ಲಿಷ್ ಅರ್ಥವಾಗದ ಕಡೆ, ಅಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸುವ ಮೊಮ್ಮಗಳನ್ನು ಕರೆಯುತ್ತಿದ್ದರು.

"ಅಜ್ಜ, ದಿಸ್ ಅಂಕಲ್ ಸೇಸ್ ಇಟ್ಸ್ ಯೂಸ್‌ಲೆಸ್ ಲಾ. ಯಾರೂ ಮಾಡಲ್ವಂತೆ ಆ ಬುಲೆಟ್ಸ್."

"ಯೂಸ್‌ಲೆಸ್ ಅವ್ನ ತಲೆ. ಹಂದಿಗೆ ಸಾಕಾಗ್ಲಿಕ್ಕಿಲ್ಲ, ಒಪ್ತೇನೆ. ಮೊಲಕ್ಕೆ? ಕಾಡುಕೋಳಿಗೆ? ದೊಡ್ಡ ತೋಟೆಯಲ್ಲಿ ಹೊಡೆದ್ರೆ ಕೋಳಿ ಎಲ್ಲುಂಟು, ಪುಕ್ಕ ಮಾತ್ರ. ಇದರಲ್ಲಿ ಮಾಂಸ ಕೆಡೂದಿಲ್ಲ, ಹೆಗಲು ನೋಯೂದಿಲ್ಲ. ನಿನ್ನಮ್ಮ ನಿನ್ನಷ್ಟಿರುವಾಗ ಹೊಡೀತಿದ್ಲು, ಗೊತ್ತುಂಟಾ?"

"ದೆನ್ ವೈ ಎವ್ರಿಬಡಿ ಸ್ಟಾಪ್ಡ್?"

"ಹಿತ್ತಾಳೆ ತೆಳು. ಖಾಲಿ ತೋಟೆಗೆ ತಿರುಗಿ ಮದ್ದು ತುಂಬುವಾಗ ಬಾಯಿ ನಜ್ಜಾಗ್ತದೆ. ತಾಳ್ಮೆ ಬೇಕು. ಈಗ ಯಾರಿಗುಂಟು ತಾಳ್ಮೆ? ಬರಿ, ಅದನ್ನೇ ಬರಿ ಅಲ್ಲಿ ಕೆಳಗೆ."

ಹೀಗೆ ಇಂಚರ ಅಜ್ಜನ ಪರವಾಗಿ ಕಾಮೆಂಟು ಬರೆಯುವವಳಾದಳು. ರಾತ್ರಿ ಊಟದ ಹೊತ್ತಿಗೆ ಗುರುದತ್ ವಿಡಿಯೋದಲ್ಲಿ ಬಂದರೆ ಅವನಿಗೂ ಇದೇ ವರದಿ. ಮೈಸೂರಿನ ಮನುಷ್ಯ, ದೀಪಾವಳಿಯ ಪಿಸ್ತೂಲು ಬಿಟ್ಟರೆ ಬೇರೆ ಮುಟ್ಟಿದವನಲ್ಲ.

"ಏನ್ ಮಾವ, ಇವತ್ತು ಯಾರನ್ನ ಸೋಲ್ಸಿದ್ರಿ?"

"ಟೆಕ್ಸಾಸಿನವ್ನು ಒಬ್ಬ ಅಳಿಯಂದಿರೇ. ಬಾಯಿ ಮುಚ್ಚಿ ಕೂತಿದಾನೆ."

"ಅವ್ರಿಗೆ ಅಲ್ಲಿ ಈಗಷ್ಟೇ ಬೆಳಗಾಗ್ತಿದೆ ಮಾವ, ನಿದ್ದೆ ಮಾಡ್ತಿರ್ತಾರೆ."

ಎಲ್ಲರೂ ನಕ್ಕರು. ಭಾನುಮತಿಯೂ ನಕ್ಕಳು. ಅಪ್ಪ ಆ ತೋಟೆಯ ಪರವಾಗಿ ಹೀಗೆ ಹೊಡೆದಾಡುವುದನ್ನು ಕೇಳುವಾಗೆಲ್ಲ ಅವಳ ಎದೆ ಸಣ್ಣಗೆ ಬೆಚ್ಚಗಾಗುತ್ತಿತ್ತು. ಇದು ತನ್ನ ಕೋವಿಯ ಮಾತು. ಅಪ್ಪ ಮರೆತಿಲ್ಲ.

ಆ ಧೈರ್ಯದ ಮೇಲೆಯೇ ಈಗ, ಒಗ್ಗರಣೆಯನ್ನು ಸಾರಿಗೆ ಸುರಿದು, ಕೈ ಒರೆಸಿಕೊಂಡು ಹಾಲ್‌ಗೆ ಬಂದಳು.

"ಅಪ್ಪ, ಇಲ್ಲಿಯ ಕಾಂಟ್ರ್ಯಾಕ್ಟ್ ಇನ್ನು ಎರಡು ವರ್ಷ. ಆಮೇಲೆ ಮೈಸೂರಿಗೆ ಹೋಗೋದು ಅಂತ ನಾವು ಮಾತಾಡ್ಕೊಂಡಿದೀವಿ. ಕೋವಿ ನನ್ನ ಹೆಸರಿಗೆ ಮಾಡ್ಸೋಕೆ ಅಣ್ಣನಿಗೆ ಒಂದು ಮಾತು ಹೇಳಿ."

ತಿಮ್ಮಪ್ಪ ಫೋನಿನಿಂದ ಕಣ್ಣು ತೆಗೆಯಲಿಲ್ಲ. "ಎಂತ ಅವಸರ? ಈ ಲಾಕ್‌ಡೌನ್ ಮುಗೀಲಿ."

"ಅವಸರ ಇಲ್ಲ. ಕೇಳಿದ ದಿನ ಕೊಡ್ತೇನೆ ಅಂದಿದ್ರಲ್ಲ, ಅದಕ್ಕೆ ಕೇಳ್ತಿದೀನಿ."

"ಕೇಳಿದೆಯಲ್ಲ. ಆಯ್ತಲ್ಲ."

ಅಷ್ಟು ಹೇಳಿ ಸದ್ದು ಜೋರು ಮಾಡಿದರು. ಆಯ್ತು ಎಂದರೆ ಕೊಡುತ್ತೇನೆ ಎಂದೇ ಅರ್ಥ ಮಾಡಿಕೊಂಡಳು ಅವಳು. ದಿನವಿಡೀ ದುಡಿದ ಮೈಗೆ ಬೇರೆ ಅರ್ಥ ಹುಡುಕುವ ತ್ರಾಣವಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ತಿಮ್ಮಪ್ಪನ ಬಿಪಿ ಮಾತ್ರೆ ಮುಗಿದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಕಾಯಿತು. ಡಾಕ್ಟರ ಹತ್ತಿರ ಹೋಗುವುದೆಂದರೆ ಕೋಟು ಬೇಕೇ ಬೇಕು ಎಂದರು. ಹೊರಗೆ ಹೋಗಿ ಬಂದ ಬಟ್ಟೆ ಒಂದನ್ನೂ ಒಗೆಯದೆ ಒಳಗೆ ಬಿಡದ ದಿನಗಳವು. ಅಪ್ಪ ಸ್ನಾನಕ್ಕೆ ಹೋದಾಗ ಭಾನುಮತಿ ಕೋಟನ್ನು ಮೆಷಿನ್ನಿಗೆ ಹಾಕುವ ಮೊದಲು ಜೇಬು ತಡವಿದಳು. ಕರವಸ್ತ್ರ, ಒಂದು ಲವಂಗ. ಎದೆಯ ಬದಿಯ ಒಳಜೇಬಿನ ಬಾಯಿ ಹೊಲಿದಿತ್ತು. ಕಪ್ಪು ಅಸ್ತರಿನ ಮೇಲೆ ಗೋಣಿ ಹೊಲಿಯುವಂಥ ದಪ್ಪ ಬಿಳಿ ದಾರ, ಓರೆಕೋರೆ ಹೊಲಿಗೆ. ಹರಿದಿತ್ತೇನೋ ಎಂದುಕೊಂಡಳು. ಒಳಗೆ ಏನೋ ಗಟ್ಟಿಯಾಗಿ, ಕಿರುಬೆರಳಿನಷ್ಟು, ಕೈಗೆ ಹತ್ತಿತು. ಕತ್ತರಿಯಿಂದ ದಾರ ಬಿಡಿಸಿದಳು.

ತೋಟೆ. ಹಿತ್ತಾಳೆ ಮಬ್ಬಾಗಿತ್ತು, ಸೀಸದ ಮೂತಿ ಬೂದಿ ಬಣ್ಣ. ಹಿಂಭಾಗದಲ್ಲಿ ಕೋವಿಯ ಸುತ್ತಿಗೆ ಬಿದ್ದ ಗುರುತಿಲ್ಲ, ಇನ್ನೂ ಹಾರಿಸದ್ದು. ಜೀವಂತ.

ಎಷ್ಟು ವರ್ಷವಾದರೂ ಬೆರಳಿಗೆ ಅದರ ತೂಕ ಗೊತ್ತಿತ್ತು. ಈ ದೇಶದಲ್ಲಿ ಲೈಸೆನ್ಸಿಲ್ಲದೆ ಒಂದು ತೋಟೆ ಮನೆಯಲ್ಲಿ ಸಿಕ್ಕಿದರೂ ಜೈಲು. ವೀಸಾ, ಕೆಲಸ, ಮಗಳ ಶಾಲೆ ಎಲ್ಲವೂ ಅದರ ಹಿಂದೆ ಹೋಗುತ್ತವೆ. ಕೊಡಗಿನವರ ಜೇಬಿನಲ್ಲಿ ತೋಟೆ ಉಳಿದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಕತೆಗಳನ್ನು ಮದುವೆ ಮನೆಗಳಲ್ಲಿ ಹೇಳಿ ನಗುವುದನ್ನು ಅವಳು ಕೇಳಿದ್ದಳು. ಇಲ್ಲಿ ನಗು ಬರಲಿಲ್ಲ. ಯಾವ ಯಂತ್ರದ ಕಣ್ಣು ತಪ್ಪಿಸಿ ಇದು ಸಮುದ್ರ ದಾಟಿತೋ.

"ಅಪ್ಪ, ಏನಿದು?"

ತಲೆ ಒರೆಸಿಕೊಳ್ಳುತ್ತ ಬಂದ ತಿಮ್ಮಪ್ಪ ಅವಳ ಅಂಗೈ ನೋಡಿದರು. ನೋಡಿ, ಟವೆಲನ್ನು ಮುಖಕ್ಕೆ ಹಿಡಿದುಕೊಂಡರು.

"ಕಾಡಿಗೆ ಹಾಕ್ಕೊಂಡು ಹೋಗ್ತಿದ್ದ ಕೋಟಲ್ವಾ, ಅದರಲ್ಲಿ ಉಳ್ದಿರ್ಬೇಕು. ಮರ್ತೇ ಹೋಯ್ತು."

"ಮರ್ತೇ ಹೋಯ್ತು! ನಮ್ಮನ್ನೆಲ್ಲ ಜೈಲಿಗೆ ಕಳಿಸ್ತಿದ್ರಲ್ಲ ಅಪ್ಪ! ಮನೇಲಿ ಇಂಚರ ಇದಾಳೆ ಅನ್ನೋ ಜ್ಞಾನ ಆದ್ರೂ ಬೇಡ್ವಾ ನಿಮಗೆ?"

"ಒಂದು ಮೂಲೇಲಿ ಇಟ್ಬಿಡು. ನಾ ಹೋಗುವಾಗ—"

"ಹೋಗುವಾಗ ಮತ್ತೆ ತಗೊಂಡು ಹೋಗ್ತೀರಾ? ತಲೆ ನೆಟ್ಟಗಿದ್ಯಾ?"

ಅಪ್ಪನಿಗೆ ಅವಳು ಹಾಗೆ ಎಂದೂ ಮಾತಾಡಿದವಳಲ್ಲ. ಅವರು ಏನೋ ಹೇಳಲು ಬಾಯಿ ತೆರೆದರು. ಒಳಗಿನ ಕೋಣೆಯಿಂದ ಇಂಚರಳ ಕ್ಲಾಸಿನ ಟೀಚರ್ ಹಾಜರಿ ಕೂಗುತ್ತಿದ್ದಳು. ತಿಮ್ಮಪ್ಪ ಬಾಲ್ಕನಿಗೆ ಹೋಗಿ ನಿಂತರು.

ಮಾರನೆಯ ಬೆಳಗ್ಗೆ ತೋಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟಿಫಿನ್ ಡಬ್ಬಿಯ ಮೊಸರನ್ನದೊಳಗೆ ಹುದುಗಿಸಿಕೊಂಡು ಭಾನುಮತಿ ಕಾರು ಇಳಿಸಿದಳು. ಕಾರ್ಖಾನೆಗಿಂತ ಮೊದಲೇ ಪೊಲೀಸರ ತಡೆ. ಅವತ್ತು ಪೊಲೀಸರ ಜೊತೆ ಸೈನಿಕರೂ ಇದ್ದರು. ಹುಡುಗನಂಥ ಸೈನಿಕನೊಬ್ಬ ಕೋವಿ ನೇತುಹಾಕಿಕೊಂಡು ಕಾರಿನ ಕಿಟಕಿಗೆ ಬಾಗಿದ.

"ಕೆರ್ಜಾ ಮಾನಾ, ಕಾಕ್?" ಎಲ್ಲಿ ಕೆಲಸ ಅಕ್ಕ?

"ಕಿಲಾಂಗ್," ಎಂದಳು. ಕಾರ್ಖಾನೆ.

ಅವನು ಪತ್ರ ನೋಡಿದ, ಪಕ್ಕದ ಸೀಟಿನ ಮೇಲಿದ್ದ ಡಬ್ಬಿ ನೋಡಿದ. "ಮಾಕಾನ್?" ಎಂದ. ಊಟವೇ? ಅವಳು ತಲೆಯಾಡಿಸಿದಳು. "ಓಕೆ, ಜಾಲಾನ್" ಎಂದು, ಹೊರಡಿ ಎಂಬಂತೆ ಕೈಬೀಸಿ ಬಿಟ್ಟ. ಬಾತು ಮೌಂಗ್ ಕಡೆ ರಸ್ತೆ ಕಡಲಿಗೆ ಹತ್ತಿರ ಬರುವಲ್ಲಿ, ಮೀನುಗಾರರ ದೋಣಿಗಳೆಲ್ಲ ಕಟ್ಟಿಹಾಕಿದ್ದ ಕಡೆ, ಇಳಿದು ಡಬ್ಬಿ ತೆರೆದಳು. ಮೊಸರು ಮೆತ್ತಿದ ಪೊಟ್ಟಣ ಬಿಚ್ಚಿ, ತೋಟೆಯನ್ನು ಒಂದು ಸಲ ಅಂಗೈಯಲ್ಲಿ ಹೊರಳಿಸಿ, ಶಕ್ತಿಯಿದ್ದಷ್ಟು ದೂರ ಎಸೆದಳು. ಸದ್ದು ಕೂಡ ಕೇಳಲಿಲ್ಲ. ಆ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿಯನ್ನು ಹಾಗೇ ಕಸದ ಬುಟ್ಟಿಗೆ ಬಗ್ಗಿಸಿದಳು.

ರಾತ್ರಿ ತಿಮ್ಮಪ್ಪ ಕೇಳಿದ್ದು ಒಂದೇ ಮಾತು. "ಎಂತ ಮಾಡಿದೆ ಅದನ್ನ?"

"ಸಮುದ್ರಕ್ಕೆ."

"ಯಾವ ಕಡೆ?"

"ಯಾವ ಕಡೆ ಅಂದ್ರೆ? ಹೋಗಿ ಹುಡುಕ್ತೀರಾ?"

"ಅಲ್ಲ, ಸುಮ್ಮನೆ." ತಟ್ಟೆಯಲ್ಲಿ ಅನ್ನ ಕಲಸುತ್ತ ಕೂತರು. ಸಾರು ಆರಿತು. ತಿನ್ನಲಿಲ್ಲ.

ಆಮೇಲೆ ಅವರ ವಾದ ಇನ್ನೂ ಜೋರಾಯಿತು. ಸಣ್ಣ ತೋಟೆಗೆ ಬೆಲೆಯಿಲ್ಲ ಎಂದ ಒಬ್ಬೊಬ್ಬನಿಗೂ ಉತ್ತರ ಹೋಗಬೇಕು. ಇಂಚರ ಬೇಜಾರಾಗಿ "ಅಜ್ಜ, ಇನಫ್ ಲಾ" ಎಂದರೂ ಬಿಡುತ್ತಿರಲಿಲ್ಲ. ಒಂದು ಸಂಜೆ ಭಾನುಮತಿ ಬಟ್ಟೆ ಮಡಚುತ್ತಿರುವಾಗ ಮಗಳು ಜೋರಾಗಿ ಓದಿ ಹೇಳಿದಳು: "ಸೀ ಅಮ್ಮ, ಅಜ್ಜನ ಕಾಮೆಂಟ್‌ಗೆ ಒಬ್ರು ಹಾರ್ಟ್ ಕೊಟ್ಟಿದಾರೆ. 'ಐ ಹ್ಯಾವ್ ಒನ್ ಅಟ್ ಹೋಮ್. ಐ ಆಮ್ ಕೀಪಿಂಗ್ ಇಟ್ ಫಾರ್ ಮೈ ಡಾಟರ್.' ಅಜ್ಜ ಹೇಳಿದ್ದು, ನಾನು ಟೈಪ್ ಮಾಡಿದ್ದು."

ಭಾನುಮತಿ ಮಡಚುತ್ತಿದ್ದ ಬಟ್ಟೆಯನ್ನು ಎದೆಗಿಟ್ಟುಕೊಂಡಳು. ತೋಟೆಯ ವಿಷಯಕ್ಕೆ ಅಷ್ಟು ಕಟುವಾಗಿ ಮಾತಾಡಬಾರದಿತ್ತು ಅನ್ನಿಸಿತು. ಮಾರನೆಯ ದಿನ ಅಪ್ಪನಿಗೆ ಇಷ್ಟವೆಂದು ರವೆಯ ಕಡುಬು ಮಾಡಿದಳು.

ಸೆಪ್ಟೆಂಬರ್ ಬಂತು, ಕೈಲ್ ಮುಹೂರ್ತ ಬಂತು. ಮನೆಯಲ್ಲಿ ಆಯುಧವೆಂದರೆ ತರಕಾರಿ ಚಾಕು ಮತ್ತು ಗುರುದತ್ತನ ಸ್ಕ್ರೂಡ್ರೈವರ್ ಸೆಟ್ಟು. ತಿಮ್ಮಪ್ಪ ಅವನ್ನೇ ತೊಳೆದು ಮಣೆಯ ಮೇಲಿಟ್ಟು ಗಂಧ ಹಚ್ಚಿದರು. ಚೀನೀಯರ ಮಾರ್ಕೆಟ್ಟಿನಿಂದ ಭಾನುಮತಿ ಹಂದಿಮಾಂಸ ತಂದು, ಸೀಸೆಯ ತಳದಲ್ಲಿ ಉಳಿದಿದ್ದ ಕಾಚಂಪುಳಿಯನ್ನೆಲ್ಲ ಬಗ್ಗಿಸಿ ಸಾರು ಮಾಡಿದಳು. ಮಧ್ಯಾಹ್ನ ಎರಡು ಗಂಟೆಗೆ ಲೋಕೇಶನ ವಿಡಿಯೋ ಕರೆ ಬಂತು. ಇಂಚರ ಅದನ್ನು ಟಿವಿಗೆ ಜೋಡಿಸಿದಳು.

ಗೋಡೆಯಷ್ಟಗಲದ ಪರದೆಯಲ್ಲಿ ತವರಿನ ನಡುಮನೆ. ಕೆಂಪು ಬಟ್ಟೆಯ ಮೇಲೆ ಕತ್ತಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಕೋವಿಗಳು, ಮೇಲೆ ಕಿತ್ತಳೆ ಹೂ. "ಎಲ್ರಿಗೂ ನಮಸ್ಕಾರ ಪೆನಾಂಗಿನವ್ರಿಗೆ! ಹಂದಿ ಸಿಕ್ತಾ ಅಲ್ಲಿ?" ಎಂದು ಲೋಕೇಶ ನಗುತ್ತ ಕ್ಯಾಮರಾವನ್ನು ಕೋವಿಗಳ ಮೇಲೆ ನಿಧಾನಕ್ಕೆ ಎಳೆದ. ಒಂಟಿ ನಳಿಗೆ. ಅದರ ಪಕ್ಕ ಮಿರಿಮಿರಿ ಹೊಳೆಯುವ ಹೊಸ ಜೋಡಿ ನಳಿಗೆ. ಅಷ್ಟೇ.

"ಲಿವರ್ ಕೋವಿ ಎಲ್ಲಿ ಅಣ್ಣ?" ಎಂದಳು ಭಾನುಮತಿ.

ಆ ಕಡೆ ಯಾರೋ ಗಂಟೆ ಬಾರಿಸುತ್ತಿದ್ದದ್ದು ನಿಂತಿತು. ಲೋಕೇಶನ ಮುಖ ಪರದೆಯ ತುಂಬ ಬಂತು.

"ಅಪ್ಪ ಹೇಳಿಲ್ವಾ?"

"ಏನು?"

"ಅದನ್ನ ಕೊಟ್ಟು ವರ್ಷ ಆಗ್ತಾ ಬಂತಲ್ಲ. ಹೋದ ದೀಪಾವಳಿಗೆ ಮೊದ್ಲೇ. ಅಂಗಡಿಯವ್ನಿಗೆ ಕೊಟ್ಟು ಮೇಲಿಷ್ಟು ಹಾಕಿ ಈ ಜೋಡಿ ತಗೊಂಡೆ. ಅಪ್ಪನೇ ಬಂದು ಸಹಿ ಹಾಕಿದ್ದು. ಅಪ್ಪ, ನೀವು ಹೇಳಿಲ್ವಾ ಇವ್ಳಿಗೆ?"

ತಿಮ್ಮಪ್ಪ ಮಣೆಯ ಮೇಲಿನ ಸ್ಕ್ರೂಡ್ರೈವರೊಂದನ್ನು ನೆಟ್ಟಗೆ ಮಾಡುತ್ತಿದ್ದರು.

"ಅದು ನನ್ನ ಕೋವಿ" ಎಂದಳು ಭಾನುಮತಿ.

"ಹೇ, ನಿಂಗೆ ಎಂತಕ್ಕೆ ಮಾರಾಯ್ತಿ ಕೋವಿ? ಪೆನಾಂಗಲ್ಲಿ ಸೊಳ್ಳೆ ಹೊಡೀಲಿಕ್ಕಾ? ಆ ತೋಟೆ ಈಗ ಯಾವ ಅಂಗಡೀಲಿ ಸಿಕ್ತದೆ ಹೇಳು. ಅಪ್ಪನ ಹತ್ರ ಉಳ್ದದ್ದೇ ಒಂದೋ ಎರಡೋ. ತೋಟೆ ಇಲ್ದ ಕೋವಿ ಅಂದ್ರೆ ದೊಣ್ಣೆ. ಮದುವೆಯಾಗಿ ಹೊರಗೆ ಹೋದವ್ಳ ಹೆಸ್ರಿಗೆ ಅದನ್ನ ಮಾಡ್ಸೂದೂ ಒಂದು ತಾಪತ್ರಯ. ನೀನೇ ಯೋಚ್ನೆ ಮಾಡು."

"ನನ್ನನ್ನ ಕೇಳಿದ್ರೆ ಯೋಚನೆ ಮಾಡ್ತಿದ್ದೆ."

"ಹಬ್ಬದ ದಿನ ಎಂತ ಜಗಳ ನಿಂದು? ಊಟ ಮಾಡಿ, ಊಟ ಮಾಡಿ. ನಾವೂ ತೆಂಗಿನಕಾಯಿಗೆ ಹೋಗ್ಬೇಕು" ಎಂದು ಲೋಕೇಶ ಕರೆ ಮುಗಿಸಿದ. ಪರದೆಯಲ್ಲಿ ಮೂವರ ನೆರಳು ಮಾತ್ರ ಉಳಿಯಿತು.

ಮೊದಲು ಮಾತಾಡಿದ್ದು ಇಂಚರ. "ಬಟ್ ಅಜ್ಜ, ಯು ಮೇಡ್ ಮಿ ಟೈಪ್ ಇಟ್. ಮನೇಲಿದೆ ಅಂತ. ಅಮ್ಮಂಗೆ ಅಂತ. ದಟ್ ವಾಸ್ ಇನ್ ಮೇ."

"ನೀ ಒಳಗೆ ಹೋಗು" ಎಂದಳು ಭಾನುಮತಿ. ಹುಡುಗಿ ಹೋದಳು, ಬಾಗಿಲು ಹಾಕಿಕೊಳ್ಳಲಿಲ್ಲ.

"ನಾನು ಏಪ್ರಿಲ್‌ನಲ್ಲಿ ಕೇಳಿದಾಗ್ಲೇ ಅದು ಇರ್ಲಿಲ್ಲ ಅಲ್ವಾ ಅಪ್ಪ?"

ತಿಮ್ಮಪ್ಪ ಇರಲಿಲ್ಲವೆಂದು ತಲೆಯಾಡಿಸಿದರು.

"ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬೇಕೂಂತಲೇ ಬಂದದ್ದು. ಒಂದು ತಿಂಗಳುಂಟಲ್ಲ, ನಿಧಾನಕ್ಕೆ ಹೇಳುವ ಅಂತ. ಆಮೇಲೆ ಈ ರೋಗ ಬಂತು. ನೀ ಹಾಗೆ ದುಡ್ದು ಬರ್ತಿದ್ದೆ. ಬಾಯಿ ಬರ್ಲಿಲ್ಲ."

"ಅವನು ಕೇಳಿದಾಗ ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ವಾ?"

ತಿಮ್ಮಪ್ಪ ಯಾರಿಗೋ ಗುಟ್ಟು ಹೇಳುವಂತೆ ದನಿ ತಗ್ಗಿಸಿ ಹೇಳಿದರು. "ನಾ ಅವ್ನ ಮನೇಲಿ ಇರ್ಬೇಕಲ್ಲ ಭಾನು."

"ಆರು ತಿಂಗಳಿಂದ ಯಾರ ಮನೇಲಿದ್ದೀರಿ?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಕಡುಬು ಬಡಿಸಿದಳು, ಸಾರು ಬಡಿಸಿದಳು. ಮೂವರೂ ಕೂತು ಹಬ್ಬದ ಊಟ ಮಾಡಿದರು. ಕಾಚಂಪುಳಿ ಹೆಚ್ಚಾಗಿ ಸಾರು ಹುಳಿಯಾಗಿತ್ತು.

ಗುರುದತ್ ಫೋನಿನಲ್ಲಿ ಸಮಾಧಾನ ಹೇಳಿದ. "ಹೋಗ್ಲಿ ಬಿಡೇ. ಬೇಕಾದ್ರೆ ಮೈಸೂರಿಗೆ ಹೋದ್ಮೇಲೆ ಒಂದು ಏರ್‌ಗನ್ ತಗೊಳ್ಳೋಣ." ಅವನದು ಒಳ್ಳೆಯ ಮನಸ್ಸು ಎಂದು ಗೊತ್ತಿದ್ದರೂ ಅವಳು ಫೋನ್ ಇಟ್ಟುಬಿಟ್ಟಳು.

ಯೂಟ್ಯೂಬಿನ ಮುದುಕರ ಸದ್ದು ಆ ದಿನದಿಂದ ಅಡಗಿತು. ತಿಮ್ಮಪ್ಪ ಬಾಲ್ಕನಿಯಲ್ಲಿ ಕೂತು, ಹಾರದ ವಿಮಾನಗಳು ಸಾಲಾಗಿ ನಿಂತ ನಿಲ್ದಾಣವನ್ನು ನೋಡುತ್ತಿದ್ದರು. ಭಾನುಮತಿ ಅವರ ಮಾತ್ರೆ ತಪ್ಪಿಸಲಿಲ್ಲ, ಊಟ ತಪ್ಪಿಸಲಿಲ್ಲ. ಮಾತು ಮಾತ್ರ ಬೇಕಾದಷ್ಟೇ ಆಡಿದಳು.

ನವೆಂಬರಿನಲ್ಲಿ ಸಿಕ್ಕಿಕೊಂಡವರನ್ನು ಕರೆದೊಯ್ಯುವ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಇಲ್ಲಿಂದ ಕೌಲಾಲಂಪುರ, ಅಲ್ಲಿಂದ ಬೆಂಗಳೂರು. ಹೊರಡುವ ಬೆಳಗ್ಗೆ ತಿಮ್ಮಪ್ಪ ಕೋಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಅಸ್ತರು ಬಿಚ್ಚಿಕೊಂಡು ಜೋತುಬಿದ್ದಿತ್ತು.

"ಇದೊಂದು ಹೊಲಿಗೆ ಹಾಕ್ಕೊಡ್ತೀಯಾ?"

ಅವಳು ಸೂಜಿ ತಂದು ಕಿಟಕಿಯ ಬೆಳಕಿಗೆ ಕೂತಳು. ಒಳಜೇಬಿನ ಬಾಯಲ್ಲಿ ತಾನು ಅಂದು ಕತ್ತರಿಸಿದ ಬಿಳಿ ದಾರದ ತುಣುಕುಗಳು ಇನ್ನೂ ಕಚ್ಚಿಕೊಂಡಿದ್ದವು. ಒಂದೊಂದನ್ನೇ ಉಗುರಿನಿಂದ ಕೀಳುತ್ತಿದ್ದವಳ ಕೈ ನಿಂತಿತು. ಕೋಟನ್ನು ತಿರುಗಿಸಿದಳು. ಕಾಲರಿನ ಕೆಳಗೆ ಟೈಲರನ ಚೀಟಿ ಹೊಸದಾಗಿಯೇ ಇತ್ತು. ಅಸ್ತರು ಬಿಟ್ಟರೆ ಎಲ್ಲಿಯೂ ಹರಿದಿರಲಿಲ್ಲ. ಒಂದು ಮುಳ್ಳು ಗೀರಿದ ಗುರುತಿಲ್ಲ, ತೋಳಿನಲ್ಲಿ ಒಂದು ನೂಲು ಎದ್ದಿರಲಿಲ್ಲ.

"ಅಪ್ಪ," ಎಂದಳು, "ಈ ಕೋಟು ಹಾಕ್ಕೊಂಡು ಯಾವ ಕಾಡಿಗೆ ಹೋಗಿದ್ರಿ?"

ತಿಮ್ಮಪ್ಪ ನೀರಿನ ಲೋಟ ತೆಗೆದುಕೊಂಡರು. ಕುಡಿಯದೆ ಕೆಳಗಿಟ್ಟರು.

"ಅದು ಒಳ್ಳೇ ತೋಟೆಯೇ ಆಗಿತ್ತು" ಎಂದರು. "ಕಾರ್ಖಾನೇದು. ತಿರುಗಿ ಮದ್ದು ತುಂಬಿದ್ದಲ್ಲ. ನಿನ್ನ ಕೋವಿದು ಅಂತ ಉಳ್ದದ್ದು ಅದೊಂದೇ."

ಭಾನುಮತಿ ಕಪ್ಪು ದಾರ ಪೋಣಿಸಿ, ಹತ್ತಿರ ಹತ್ತಿರ ಹೊಲಿಗೆ ಹಾಕಿ, ಖಾಲಿ ಜೇಬಿನ ಬಾಯಿ ಮುಚ್ಚಿದಳು. ಹಲ್ಲಿನಿಂದ ದಾರ ಕಡಿದಳು. ಅಪ್ಪನಿಗೆ ತಾನೇ ಕೋಟು ತೊಡಿಸಿ, ನಿಲ್ದಾಣದ ಬಾಗಿಲವರೆಗೆ ಬಿಟ್ಟು ಬಂದಳು. ಒಳಗೆ ಬಿಡುತ್ತಿರಲಿಲ್ಲ. ಮಾಸ್ಕಿನ ಮೇಲಿನ ಆ ಕಣ್ಣುಗಳು ಗಾಜಿನಾಚೆ ಒಂದು ಸಲ ತಿರುಗಿದವು.

ಪಾಳಿಗೆ ಹೊತ್ತಾಗಿತ್ತು. ಕಾರನ್ನು ನೇರ ಕಾರ್ಖಾನೆಯ ಕಡೆ ತಿರುಗಿಸಿದಳು.

ಕೇಳಿದ ದಿನ ಕೊಡುತ್ತೇನೆ ಎಂದಿದ್ದರು ತಿಮ್ಮಪ್ಪ. ಅವಳು ಕೇಳಿದಳು. ಅವರು ಕೊಡಲಿಲ್ಲ.